ಮುಖದ ಕೂಲಿ

ಹಣ ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಅಂತ ಅಮೆರಿಕದ ಕಾಲೇಜುಗಳು ನೂರು ವರ್ಷಕ್ಕೂ ಮೇಲೆ ಹೇಳಿಕೊಂಡು ಬಂದವು. ಮೈಲಿಗೆ ಅನ್ನೋ ಶಬ್ದ ಅವರದಲ್ಲ, ನಮ್ಮದು. ಅವರ ಶಬ್ದ ಅಮೆಚೂರಿಸಂ. ಆಟದ ಮೇಲಿನ ಪ್ರೀತಿಗಾಗಿ ಆಡಬೇಕು, ಕಾಸಿಗಾಗಿ ಆಡಬಾರದು ಅಂತ ಅದರ ಅರ್ಥ. ಮಡಿಯ ಮಾತು ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ನಮ್ಮ ಕಿವಿ ನೆಟ್ಟಗಾಗುತ್ತದೆ. ಮಡಿ ಅಂದ ಕೂಡಲೆ, ಹೊರಗೆ ನಿಂತೋರು ಯಾರು, ಒಳಗೆ ಕೂತು ಉಣ್ಣೋರು ಯಾರು ಅಂತ ಕೇಳೋದನ್ನ ನಮ್ಮ ಕೇರಿಗಳು ನಮಗೆ ಕಲಿಸಿವೆ.

2021ರ ಜುಲೈ 1ರಂದು ಆ ಮಡಿ ಹರಿಯಿತು. ಅವತ್ತಿನಿಂದ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ, ಚಹರೆಯನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದಾಯಿತು. ಹದಿನೇಳು ವರ್ಷದ ಒಬ್ಬ ಹುಡುಗಿ ಬ್ಯಾಸ್ಕೆಟ್‌ಬಾಲ್ ಚೆನ್ನಾಗಿ ಆಡ್ತಾಳೆ ಅಂತ ಇಟ್ಟುಕೊಳ್ಳಿ. ಅವಳನ್ನು ತಮ್ಮ ಕಾಲೇಜಿಗೆ ಸೇರಿಸಿಕೊಳ್ಳೋಕೆ ನಾಲ್ಕಾರು ಕಡೆಯ ಕೋಚುಗಳು ಮನೆ ಬಾಗಿಲಿಗೆ ಬರ್ತಾರೆ. ಮೊದಲು ಅವಳು ಕೇಳಬಹುದಾದದ್ದು ಇಷ್ಟೇ: ಓದು ಹೇಗಿದೆ, ನನಗೆ ಆಡೋಕೆ ಅವಕಾಶ ಕೊಡ್ತೀರಾ? ಈಗ ಮತ್ತೊಂದು ಪ್ರಶ್ನೆಯೂ ಉಂಟು: ನಿಮ್ಮೂರಿಗೆ ಬಂದರೆ ನನ್ನ ಹೆಸರಿಗೆ ಎಷ್ಟು ಹುಟ್ಟುತ್ತೆ? ಈ ಪ್ರಶ್ನೆ ಕೇಳಿ ದೊಡ್ಡವರಿಗೆ ಕಸಿವಿಸಿಯಾಗಿದೆ. ವಿದ್ಯೆಯ ಮನೆ ಸಂತೆಯಾಯಿತು ಅಂತ ಬರೀತಾರೆ. ಆ ಹುಡುಗಿ ಕೇಳಿದ್ದು ತಪ್ಪಾ? ನಾವು ಚರ್ಚೆ ಮಾಡಬೇಕಾದ್ದು ಇದನ್ನ.

ಸಂತೆ ಯಾವತ್ತಿಂದ ನಡೀತಿದೆ ಅನ್ನೋದನ್ನ ಮೊದಲು ನೋಡೋಣ. ಅಲ್ಲಿಯ ಕಾಲೇಜು ಆಟ ಅಂದರೆ ನಮ್ಮ ಅಂತರಕಾಲೇಜು ಪಂದ್ಯದ ಹಾಗೆ ಸಂಜೆ ಇಪ್ಪತ್ತು ಜನ ನಿಂತು ನೋಡಿ, ಬಾಳೆಹಣ್ಣು ತಿಂದು ಮನೆಗೆ ಹೋಗೋ ಸಂಗತಿಯಲ್ಲ. ಕಾಲೇಜು ಆಟಗಳನ್ನು ಆಳೋ ಸಂಘ ಎನ್‌ಸಿಎಎ. ಗಂಡಸರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು 2032ರವರೆಗೆ ವಿಸ್ತರಿಸೋದಕ್ಕೆ ಟೆಲಿವಿಷನ್ ಕಂಪನಿಗಳು 2016ರಲ್ಲಿ ಅದಕ್ಕೆ ಕೊಡೋಕೆ ಒಪ್ಪಿದ್ದು 880 ಕೋಟಿ ಡಾಲರ್. ಹೆಂಗಸರ ತಂಡಗಳ ಕೋಚುಗಳನ್ನೇ ತಗೊಳ್ಳಿ. ಲೂಯಿಸಿಯಾನ ಸ್ಟೇಟ್‌ನ ಕಿಮ್ ಮಲ್ಕಿಗೆ 2023ರಲ್ಲಿ ಆದ ಕರಾರು ಹತ್ತು ವರ್ಷಕ್ಕೆ 3 ಕೋಟಿ 20 ಲಕ್ಷ ಡಾಲರ್. ಸೌತ್ ಕೆರೊಲಿನಾದ ಡಾನ್ ಸ್ಟೇಲಿಗೆ 2025ರ ಜನವರಿಯಲ್ಲಿ ಆದದ್ದು ವರ್ಷಕ್ಕೆ 40 ಲಕ್ಷ. ಸ್ಟೇಲಿ ಫಿಲಡೆಲ್ಫಿಯಾದ ಬಡವರ ಸರ್ಕಾರಿ ವಸತಿಯಲ್ಲಿ ಬೆಳೆದ ಕರಿಯ ಹೆಣ್ಣುಮಗಳು. ಆಕೆಗೆ ಅಷ್ಟು ಸಂಬಳ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಯುರಿ ಇಲ್ಲ, ಸಂತೋಷವೇ. ಆದರೆ ಲೆಕ್ಕ ನೋಡಿ. ಕೋಚು, ಸಂಘದ ಅಧಿಕಾರಿ, ಬೂಟಿನ ಕಂಪನಿ, ಟಿವಿಯವನು ಎಲ್ಲರೂ ಮಡಿ ಕೆಡದೆ ಹಣ ಮುಟ್ಟಬಹುದಿತ್ತು. ಓಡಿ, ಬಿದ್ದು, ಮೊಣಕಾಲು ಮುರಿದುಕೊಳ್ಳೋ ಹುಡುಗ ಹುಡುಗಿ ಮಾತ್ರ ಮುಟ್ಟಬಾರದಿತ್ತು. ಎಡೆಗೆ ಅಕ್ಕಿ ಕೊಟ್ಟೋನು ಉಪವಾಸ, ಪೂಜಾರಿಗೆ ಊಟ.

ಇದಕ್ಕೆ ಒಂದು ಶಬ್ದವನ್ನೇ ಅವರು ಕಟ್ಟಿದರು: ಸ್ಟೂಡೆಂಟ್-ಅಥ್ಲೀಟ್. ವಿದ್ಯಾರ್ಥಿ-ಆಟಗಾರ. ಕೇಳೋಕೆ ಎಷ್ಟು ಚೆಂದ! 1955ರಲ್ಲಿ ಕೊಲರಾಡೋದ ಒಂದು ಸಣ್ಣ ಕಾಲೇಜಿನ ಫುಟ್ಬಾಲ್ ಆಟಗಾರ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ಸತ್ತ. ದುಡಿಯೋವಾಗ ಸತ್ತ ಕೂಲಿಯ ಹೆಂಡತಿಗೆ ಸಿಗೋ ಪರಿಹಾರ ತನಗೂ ಕೊಡಿ ಅಂತ ಅವನ ವಿಧವೆ ಕೇಳಿದಳು. ಕಾಲೇಜು ಫುಟ್ಬಾಲ್ ವ್ಯಾಪಾರ ಮಾಡ್ತಿಲ್ಲ, ಆದ್ದರಿಂದ ಅವನು ಕೆಲಸಗಾರನಲ್ಲ ಅಂತ 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ಇಂಥ ಪರಿಹಾರದ ಭಯಕ್ಕೇ ಆ ಶಬ್ದವನ್ನು ಹುಟ್ಟಿಸಿ ಎಲ್ಲ ನಿಯಮಗಳಿಗೂ ತುರುಕಿದೆವು ಅಂತ ಒಪ್ಪಿಕೊಂಡೋರು ಬೇರೆ ಯಾರೂ ಅಲ್ಲ, 1951ರಿಂದ 1987ರವರೆಗೆ ಆ ಸಂಘವನ್ನು ನಡೆಸಿದ ವಾಲ್ಟರ್ ಬೈಯರ್ಸ್. ನಿವೃತ್ತಿಯಾದ ಮೇಲೆ, 1995ರ ಪುಸ್ತಕದಲ್ಲಿ, ಈ ವ್ಯವಸ್ಥೆಯನ್ನು ಅವರು ಗುಲಾಮರ ತೋಟಗಳಿಗೆ ಹೋಲಿಸಿದರು. ಕುರ್ಚಿಯಲ್ಲಿದ್ದಾಗ ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ. ಕುರ್ಚಿ ಎಲ್ಲ ದೇಶದಲ್ಲೂ ಒಂದೇ ಮರದಿಂದ ಮಾಡಿರ್ತಾರೆ.

ಶಬ್ದದಿಂದ ಹೊಟ್ಟೆ ಹೊಡೆಯೋ ಈ ವಿದ್ಯೆ ನಮಗೆ ಹೊಸದಲ್ಲ. ಜೀತಕ್ಕೆ 'ಮನೆಮಗ' ಅಂತ ಹೆಸರಿಟ್ಟೋರು ನಮ್ಮ ಗೌಡರು. ಕೆಲಸ ಮಾಡು, ಫಲ ಕೇಳಬೇಡ ಅಂತ ಸಾವಿರ ವರ್ಷ ನಮಗೆ ಉಪದೇಶ ಆಗಿದೆ. ಉಪದೇಶ ಮಾಡಿದೋರ ಕಣಜದಲ್ಲಿ ಫಲ ತುಂಬಿತ್ತು. ಅಮೆಚೂರಿಸಂ ಅನ್ನೋದು ಇಂಗ್ಲಿಷಿನ ನಿಷ್ಕಾಮಕರ್ಮ, ಅಷ್ಟೇ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ 1962ರವರೆಗೂ ಜಂಟಲ್‌ಮನ್ ಬೇರೆ, ಪ್ಲೇಯರ್ ಬೇರೆ. ಹೊಟ್ಟೆ ತುಂಬಿದೋನು ಜಂಟಲ್‌ಮನ್, ಕೂಲಿಗೆ ಆಡೋನು ಪ್ಲೇಯರ್. ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಚಮ್ಮಾರರ ಪಳವಣಕರ ಬಾಳೂ ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ಒಪ್ಪಮಾಡುತ್ತ, ಅವರಿಗೆ ಅಭ್ಯಾಸಕ್ಕೆ ಚೆಂಡು ಹಾಕುತ್ತ ದೊಡ್ಡ ಬೌಲರಾದರು. ಗ್ರೇಗ್ ಅನ್ನೋ ಸಾಹೇಬ ತಾನು ಔಟಾದಾಗಲೆಲ್ಲ ಅವರಿಗೆ ಎಂಟಾಣೆ ಕೊಡ್ತಿದ್ದ ಅಂತ ಒಂದು ಕತೆಯಿದೆ. ಹಿಂದೂ ತಂಡದೋರು ಅವರನ್ನು ಆಡಿಸಿಕೊಂಡರು. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ತಂಡದ ನಾಯಕತ್ವ ಬಾಳೂಗೆ ಕೊನೆಗೂ ಸಿಗಲಿಲ್ಲ. ಎಂಟಾಣೆ ಕೊಟ್ಟೋನು ದೊಡ್ಡೋನೋ, ಕಾಸೂ ಕೊಡದೆ ಕುಡಿಕೆ ಕೊಟ್ಟೋನು ದೊಡ್ಡೋನೋ ನೀವೇ ತೀರ್ಮಾನಿಸಿ. ನಮಗಂತೂ ಎಂಟಾಣೆಯೇ ವಾಸಿ ಅನ್ನಿಸುತ್ತೆ.

ಸ್ಕಾಲರ್‌ಶಿಪ್ ಕೊಡ್ತೀವಲ್ಲ, ಇನ್ನೇನು ಬೇಕು ಅಂತ ಆ ಕಾಲೇಜುಗಳು ಕೇಳ್ತಿದ್ದವು. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡೋರು ನಾವು. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಿದೋರು. ಸ್ಕಾಲರ್‌ಶಿಪ್ ತಗೊಂಡೋನು ಬಾಯಿ ತೆಗೀಬಾರದು, ಋಣದಲ್ಲಿರಬೇಕು ಅನ್ನೋ ನೋಟ ನಮಗೆ ಗೊತ್ತು. ಹಕ್ಕನ್ನು ದಾನದ ಹಾಗೆ ಕೊಡೋದು, ಆಮೇಲೆ ಕೃತಜ್ಞತೆಯನ್ನು ಬಡ್ಡಿ ಹಾಗೆ ವಸೂಲಿ ಮಾಡೋದು. ಅಲ್ಲಿನ ಆಟಗಾರರದ್ದಂತೂ ದಾನವೂ ಅಲ್ಲ, ದುಡಿದು ತಗೊಂಡದ್ದು.

ಅದರಲ್ಲೂ ಹೆಣ್ಣಿನ ಪಾಡು ಬೇರೆ. 1972ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಟೈಟಲ್ ನೈನ್ ಅಂತಾರೆ. ಸರ್ಕಾರದ ದುಡ್ಡು ಪಡೆಯೋ ಯಾವ ವಿದ್ಯಾಸಂಸ್ಥೆಯಲ್ಲೂ ಹೆಣ್ಣು ಅನ್ನೋ ಕಾರಣಕ್ಕೆ ಹೊರಗಿಡಬಾರದು ಅಂತ ಅದರ ಸಾರ. (ಬೊಂಬಾಯಿಯಲ್ಲಿ ನಮ್ಮ ಅಣ್ಣಂದಿರು ಕರಿಯ ಚಿರತೆಗಳ ಹೆಸರನ್ನು ತಮ್ಮದು ಮಾಡಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದ್ದೂ ಅದೇ ವರ್ಷ.) ಆ ಕಾನೂನಿನ ಬಾಗಿಲಿಂದ ಒಳಗೆ ಬಂದ ಮೊದಲ ಪೀಳಿಗೆಯಲ್ಲಿ ಲೂಸಿಯಾ ಹ್ಯಾರಿಸ್ ಒಬ್ಬಳು. ಮಿಸಿಸಿಪಿಯ ಮಿಂಟರ್ ಸಿಟಿ ಅನ್ನೋ ಹತ್ತಿಯ ಸೀಮೆಯ ಹಳ್ಳಿಯಲ್ಲಿ, ಹೊಲದಲ್ಲಿ ದುಡಿಯೋ ಕರಿಯರ ಮನೆಯಲ್ಲಿ, ಹನ್ನೊಂದು ಮಕ್ಕಳಲ್ಲಿ ಹತ್ತನೆಯವಳು. ಡೆಲ್ಟಾ ಸ್ಟೇಟ್ ಅನ್ನೋ ಕಾಲೇಜನ್ನು 1975, 76, 77 ಮೂರು ವರ್ಷವೂ ರಾಷ್ಟ್ರ ಚಾಂಪಿಯನ್ ಮಾಡಿದಳು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಬಂದಾಗ ಮೊಟ್ಟಮೊದಲ ಅಂಕ ಗಳಿಸಿದ ಕೈ ಅವಳದು. 1977ರಲ್ಲಿ ಗಂಡಸರ ವೃತ್ತಿ ತಂಡವೊಂದು ಅವಳನ್ನು ಹೆಸರು ಕೂಗಿ ಆರಿಸಿತು. ಅವಳು ಹೋಗಲಿಲ್ಲ. ಆಮೇಲೆ? ಒಂದು ಸೀಸನ್ನು ಅಲ್ಲಿ ಇಲ್ಲಿ ಆಡಿ, ಕಾಲೇಜಿನಲ್ಲಿ ನೌಕರಿ, ಸ್ಕೂಲಿನಲ್ಲಿ ಮೇಷ್ಟ್ರ ಕೆಲಸ, ಕಾಯಿಲೆ. ಅವಳ ಬಗ್ಗೆ 2021ರಲ್ಲಿ ತೆಗೆದ ಸಾಕ್ಷ್ಯಚಿತ್ರಕ್ಕೆ 2022ರ ಮಾರ್ಚಿನಲ್ಲಿ ಆಸ್ಕರ್ ಬಂತು. ಅಷ್ಟರಲ್ಲಿ ಅವಳು ಸತ್ತು ಎರಡು ತಿಂಗಳಾಗಿತ್ತು.

ಅವಳ ಮುಖ ಮಾರಾಟಕ್ಕೆ ಬರಲಿಲ್ಲ. ಮಾರಾಟವಾಗದೆ ಇದ್ದದ್ದು ಪವಿತ್ರವಾಗಿ ಉಳೀತು ಅಂತ ಯಾರಾದರೂ ಹೇಳೋದಾದರೆ ಮಿಂಟರ್ ಸಿಟಿಗೆ ಹೋಗಿ ಹೇಳಲಿ.

ಇನ್ನೊಂದು ಚಿತ್ರ. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಆಟದ ಮನೆ ಮುಂದೆ 2021ರಲ್ಲಿ ಏಜಾ ವಿಲ್ಸನ್ ಅನ್ನೋ ಆಟಗಾರ್ತಿಯ ಪ್ರತಿಮೆ ನಿಲ್ಲಿಸಿದರು. ತನ್ನ ಅಜ್ಜಿ ಅದೇ ಊರಿನಲ್ಲಿ ಬೆಳೆದವಳು, ಆ ಕಾಲದಲ್ಲಿ ಈ ಆವರಣದೊಳಗೆ ಕಾಲಿಡೋ ಹಾಗಿರಲಿಲ್ಲ, ಸುತ್ತು ಬಳಸಿ ಹೋಗಬೇಕಿತ್ತು ಅಂತ ಅವಳು ಅವತ್ತು ಹೇಳಿದಳು. ದೇವಸ್ಥಾನದ ಬೀದಿ ಬಿಟ್ಟು ಬಳಸಿ ನಡೆದ ಅಜ್ಜಿಯರ ಮೊಮ್ಮಕ್ಕಳಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಿಲ್ಸನ್ ಅಲ್ಲಿ ಆಡಿದ್ದು 2014ರಿಂದ 2018. ಆ ನಾಲ್ಕು ವರ್ಷ ತನ್ನ ಹೆಸರನ್ನು ಜಾಹೀರಾತಿಗೆ ಕೊಡೋ ಹಕ್ಕು ಅವಳಿಗಿರಲಿಲ್ಲ. ಪ್ರತಿಮೆ ಸಿಕ್ಕಿತು. ಕಂಚನ್ನು ಉಣ್ಣೋಕಾಗಲ್ಲ ಅಂತ ನಮ್ಮ ಊರೂರಿನ ಸರ್ಕಲ್ಲುಗಳಲ್ಲಿ ನಿಂತ ಬಾಬಾಸಾಹೇಬರಿಗೆ ಗೊತ್ತು.

ಇಷ್ಟಾದ ಮೇಲೆ, ಹುಡುಗಿ ಕಾಸು ಕೇಳಿದ್ದು ತಪ್ಪು ಅನ್ನೋ ಮಾತಿಗೆ ನಮ್ಮಲ್ಲಿ ಜಾಗವಿಲ್ಲ. ಕೇಳಲಿ. ಗಟ್ಟಿಯಾಗಿ ಕೇಳಲಿ. 2021ರ ಮಾರ್ಚಿನಲ್ಲಿ ಸ್ಯಾನ್ ಆಂಟೋನಿಯೋದ ಪಂದ್ಯಾವಳಿಗೆ ಬಂದ ಹೆಣ್ಣುಮಕ್ಕಳ ಕಸರತ್ತಿಗೆ ಇಟ್ಟಿದ್ದು ಒಂದು ಸ್ಟ್ಯಾಂಡಿನಷ್ಟು ಡಂಬೆಲ್ಲು. ಅದೇ ಹೊತ್ತಿನಲ್ಲಿ ಇಂಡಿಯಾನಾಪೊಲಿಸ್ಸಿನಲ್ಲಿ ಗಂಡಸರಿಗೆ ಒಂದು ಇಡೀ ಗರಡಿಮನೆ. ಆರೆಗನ್ನಿನ ಸೆಡೋನಾ ಪ್ರಿನ್ಸ್ ಫೋನಿನಲ್ಲಿ ಚಿತ್ರ ತೆಗೆದು ಜಗತ್ತಿಗೆ ತೋರಿಸದಿದ್ದರೆ ಅದೂ ಪವಿತ್ರವಾಗಿಯೇ ಉಳೀತಿತ್ತು. ಹೆಂಗಸರ ಆಟಕ್ಕೆ ಗಿರಾಕಿ ಇಲ್ಲ ಅಂತಿದ್ದರು. ಸಂತೆ ಮುಗಿಯೋ ಹೊತ್ತಿಗೆ ಸೊಪ್ಪನ್ನು ಗುಡ್ಡೆ ಹಾಕಿ ಮಾರಿದ ಹಾಗೆ ಆ ಪಂದ್ಯಾವಳಿಯನ್ನು ಬೇರೆ ಆಟಗಳ ಜೊತೆ ಸೇರಿಸಿ ಟಿವಿಗೆ ಮಾರುತ್ತಿದ್ದೋರೂ ಅವರೇ. 2024ರ ಫೈನಲ್ಲಿನಲ್ಲಿ ಸೌತ್ ಕೆರೊಲಿನಾ ಅಯೋವಾವನ್ನು 87-75ರಲ್ಲಿ ಸೋಲಿಸಿದ್ದನ್ನು ಸುಮಾರು 1 ಕೋಟಿ 89 ಲಕ್ಷ ಜನ ನೋಡಿದರು. ಗಂಡಸರ ಫೈನಲ್ ನೋಡಿದ್ದು ಸುಮಾರು 1 ಕೋಟಿ 48 ಲಕ್ಷ.

ಆದರೆ ನಮ್ಮ ಕಷ್ಟ ಶುರುವಾಗೋದು ಇಲ್ಲಿಂದ. ಮೈಲಿಗೆಯ ಮಾತನ್ನು ಒದ್ದು ಹಾಕೋದು ಸುಲಭ. ಒದ್ದ ಮೇಲೆ ಎದುರಿಗೆ ನಿಂತಿರೋದು ಮಾರುಕಟ್ಟೆ. ಅದು ಹಣ ಕೊಡೋದು ಆಟಕ್ಕಲ್ಲ, ಹೆಸರಿಗೆ ಮತ್ತು ಮುಖಕ್ಕೆ. ಹಾಗಾದರೆ ಯಾರ ಮುಖಕ್ಕೆ?

ನಮ್ಮಲ್ಲಿ ಹೆಣ್ಣು ನೋಡೋಕೆ ಬರ್ತಾರಲ್ಲ, ಹಾಗೆ. ಹುಡುಗಿಗೆ ಅಡುಗೆ ಬರುತ್ತಾ, ಓದಿದ್ದಾಳಾ ಎಲ್ಲ ಕೇಳ್ತಾರೆ. ಕಣ್ಣು ಮಾತ್ರ ಬಣ್ಣದ ಮೇಲಿರುತ್ತೆ. ಕಾನೂನು ಬದಲಾದ ದಿನವೇ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಮೊದಲ ಕರಾರುಗಳಲ್ಲೊಂದು ಪ್ರಕಟವಾಯಿತು. ಫ್ರೆಸ್ನೋ ಸ್ಟೇಟ್‌ನಲ್ಲಿ ಆಡ್ತಿದ್ದ ಕ್ಯಾವಿಂಡರ್ ಅವಳಿ ಅಕ್ಕತಂಗಿಯರದು. ಬಿಳಿ ಬಣ್ಣ, ಹೊಂಬಣ್ಣದ ಕೂದಲು, ಫೋನಿನ ಪರದೆ ಮೇಲೆ ಲಕ್ಷ ಲಕ್ಷ ಜನ ಹಿಂಬಾಲಕರು. ಒಳ್ಳೆಯ ಆಟಗಾರ್ತಿಯರೇ, ಅವರ ಮೇಲೆ ನಮಗೆ ಸಿಟ್ಟಿಲ್ಲ. 2022ರಲ್ಲಿ ಅವರು ಮಯಾಮಿಗೆ ಬದಲಾದರು. ಬದಲಾಗೋಕೆ ಮೊದಲು ಆ ಊರಿನ ಒಬ್ಬ ಸಿರಿವಂತ ಅಭಿಮಾನಿ ಅವರನ್ನು ಮನೆಗೆ ಕರೆದು ಊಟ ಹಾಕಿದ್ದ. ಕೋಚ್ ಅದಕ್ಕೆ ದಾರಿ ಮಾಡಿಕೊಟ್ಟಿದ್ದರು. ಜಾಹೀರಾತಿನ ಹಣವನ್ನು ಗಾಳದ ಹುಳು ಮಾಡಬಾರದು ಅಂತ ಆಗ ನಿಯಮವಿತ್ತು. 2023ರ ಫೆಬ್ರವರಿಯಲ್ಲಿ ಮಯಾಮಿಗೆ ದಂಡ ಬಿತ್ತು. ಹೊಸ ಕಾಲದಲ್ಲಿ ಇಂಥ ಮೊದಲ ತೀರ್ಪು ಹೆಂಗಸರ ತಂಡದ ಮೇಲೇ ಬಂದದ್ದನ್ನು ಗಮನಿಸಬೇಕು. ಫುಟ್ಬಾಲ್ ಗಂಡಸರು ಆ ಹೊತ್ತಿಗೆ ಏನು ಮಡಿಬಟ್ಟೆ ಉಟ್ಟು ಕೂತಿದ್ದರಾ! ಒಂದು ವರ್ಷದ ಮೇಲೆ, 2024ರ ಫೆಬ್ರವರಿಯಲ್ಲಿ, ಟೆನೆಸ್ಸಿಯ ಫೆಡರಲ್ ಜಡ್ಜು ಆ ನಿಯಮವನ್ನೇ ತಡೆಹಿಡಿದರು. ಆವತ್ತಿಂದ ಸೇರೋಕೆ ಮುಂಚೆಯೇ ಬೆಲೆಯ ಮಾತು ಆಡಬಹುದು.

2023ರ ಫೈನಲ್ಲಿನಲ್ಲಿ ಲೂಯಿಸಿಯಾನ ಸ್ಟೇಟ್‌ನ ಏಂಜೆಲ್ ರೀಸ್ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಎದುರು ತನ್ನ ಮುಖದ ಮುಂದೆ ಕೈ ಆಡಿಸಿ ಕೆಣಕಿದಳು. ಅದೇ ಪಂದ್ಯಾವಳಿಯಲ್ಲಿ ಕ್ಲಾರ್ಕ್ ಕೂಡ ಹಾಗೇ ಕೈ ಆಡಿಸಿದ್ದಳು. ಬಿಳಿ ಹುಡುಗಿಯದು ಹುಮ್ಮಸ್ಸು, ಕರಿ ಹುಡುಗಿಯದು ಕೊಬ್ಬು. ಕೇರಿಯವಳು ಅಂತ ನನ್ನನ್ನು ವರ್ಷವಿಡೀ ಬೈದಿರಿ ಅನ್ನೋ ಅರ್ಥದ ಮಾತನ್ನು ರೀಸ್ ಗೆದ್ದ ರಾತ್ರಿಯೇ ಹೇಳಿದಳು. ಕ್ಲಾರ್ಕ್ ಅವಳ ಪರವಾಗಿ ಮಾತಾಡಿದಳು, ಅದನ್ನೂ ಹೇಳಬೇಕು. ಅದಕ್ಕೂ ಮೊದಲು, 2021ರಲ್ಲಿ, ಕನೆಕ್ಟಿಕಟ್ಟಿನ ಪೇಜ್ ಬೆಕರ್ಸ್ ಅನ್ನೋ ಬಿಳಿ ಹುಡುಗಿ ಪ್ರಶಸ್ತಿ ತಗೊಳ್ಳೋ ವೇದಿಕೆಯಲ್ಲೇ, ಈ ಆಟವನ್ನು ಎತ್ತಿ ನಿಲ್ಲಿಸಿದ ಕರಿಯ ಹೆಣ್ಣುಮಕ್ಕಳ ಕಡೆ ಕ್ಯಾಮೆರಾ ತಿರುಗುತ್ತಿಲ್ಲ ಅಂದಳು. ಹುಡುಗಿಯರಿಗೆ ಗೊತ್ತಿದೆ. ಗೊತ್ತಿಲ್ಲದ ಹಾಗೆ ಇರೋದು ಹಣ ಹಾಕೋರು.

ಸೋಜಿಗ ಏನಪ್ಪಾ ಅಂದರೆ ಆಮೇಲೆ ರೀಸ್‌ಗೂ ಜಾಹೀರಾತುಗಳು ಸುರಿದವು. ಮಾರುಕಟ್ಟೆಗೆ ಮುದ್ದಿನ ಮುಖವೂ ಬೇಕು, ಸಿಡುಕಿನ ಮುಖವೂ ಬೇಕು. ಸಿಟ್ಟನ್ನೂ ಪೊಟ್ಟಣ ಕಟ್ಟಿ ಮಾರುತ್ತೆ. ನಮ್ಮ ಬಂಡಾಯದ ಪದ್ಯಗಳನ್ನು ಯಾವ ಯಾವ ಅಕಾಡೆಮಿಯ ವೇದಿಕೆಯಲ್ಲಿ, ಯಾರ ಯಾರ ಶಾಲು ಹೊದ್ದು ಓದ್ತಿದ್ದೇವೆ ಅಂತ ಯೋಚಿಸೋರಿಗೆ ಇದು ದೂರದ ಸುದ್ದಿ ಅಲ್ಲ. ಹಾಗಂತ ರೀಸ್ ಆ ಹಣ ಬಿಡಬೇಕಿತ್ತಾ? ಬೇಡ. 2024ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಕ್ಲಾರ್ಕ್‌ಗೇ ವೃತ್ತಿ ತಂಡ ಕೊಟ್ಟ ಮೊದಲ ವರ್ಷದ ಸಂಬಳ 76,535 ಡಾಲರ್. ಜಾಹೀರಾತಿನದ್ದು ಅದರ ಎಷ್ಟೋ ಪಟ್ಟು. ಕೂಲಿ ಕಡಿಮೆ ಇರೋ ಕಡೆ ಇನಾಮೇ ಬದುಕು.

ಕೂಲಿ ಮತ್ತು ಇನಾಮು: ಪ್ರಶ್ನೆಯ ಗಂಟು ಇಲ್ಲಿದೆ ಅಂತ ನಮ್ಮ ತಿಳುವಳಿಕೆ. ಕೂಲಿಗೆ ಅಳತೆ ಇದೆ. ಇಷ್ಟು ಹೊತ್ತು ದುಡಿದೆ, ಇಷ್ಟು ಕೊಡು. ಇನಾಮಿಗೆ ಅಳತೆಯಿಲ್ಲ, ಕೊಡೋನ ಕಣ್ಣಿಗೆ ಹಿಡಿಸಬೇಕು. ಕಾಲೇಜುಗಳು ಕೂಲಿ ಕೊಡೋದನ್ನು ತಪ್ಪಿಸಿಕೊಂಡು, ಬೇಕಾದರೆ ಹೊರಗಿನೋರ ಹತ್ತಿರ ಇನಾಮು ತಗೋ ಹೋಗು ಅಂದವು. ತಂಡದಲ್ಲಿ ಹದಿನೈದು ಹುಡುಗಿಯರು. ಒಬ್ಬಳು ಚೆಂಡನ್ನು ಬುಟ್ಟಿಗೆ ಹಾಕೋಕೆ ಇನ್ನೊಬ್ಬಳು ಎದುರಾಳಿಗೆ ಅಡ್ಡ ನಿಂತು ಪಕ್ಕೆಗೆ ಪೆಟ್ಟು ತಿಂದಿರ್ತಾಳೆ. ಆ ಪಕ್ಕೆಯ ಚಿತ್ರವನ್ನು ಯಾವ ಕಂಪನಿಯೂ ಕೊಳ್ಳಲ್ಲ. ಬೇರೆ ದೇಶದಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದೋರಿಗಂತೂ ಆ ನೆಲದಲ್ಲಿ ಜಾಹೀರಾತಿಗೆ ದುಡಿಯೋದೇ ಕಷ್ಟ, ವೀಸಾ ಹೋದೀತು. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಉತ್ತರ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದಾಗ ನಮಗೆಲ್ಲ ಹೆಮ್ಮೆಯಾಯಿತು. ಇಲ್ಲಿಂದ ಹಾಗೆ ಹೋಗೋ ಮುಂದಿನ ಹುಡುಗಿಗೆ ಈ ಸಂಗತಿ ಮೊದಲೇ ತಿಳಿದಿರಲಿ.

ಇಲ್ಲಿ ಯಾರಾದರೂ ಹಿರಿಯರು ಆಯ್ದಕ್ಕಿ ಲಕ್ಕಮ್ಮನನ್ನು ಕರೆತರಬಹುದು. ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಡ, ವಾಪಸು ಸುರಿದು ಬಾ ಅಂದವಳು ಅವಳು. ದೊಡ್ಡ ಮಾತು. ಆದರೆ ಲಕ್ಕಮ್ಮ ಅದನ್ನು ಹೇಳಿದ್ದು ತನ್ನ ಮನೆಯ ಮಡಕೆಗೆ. ಪಕ್ಕದ ಬಡವಳ ಮಡಕೆ ನೋಡಿ ಹೇಳಲಿಲ್ಲ. ಕಣಜ ಇಟ್ಟೋರು ಲಕ್ಕಮ್ಮನ ಹೆಸರಿನಲ್ಲಿ ಆಯ್ದಕ್ಕಿಯೋರಿಗೆ ಬುದ್ಧಿ ಹೇಳೋದನ್ನ ನಾವು ಒಪ್ಪಲ್ಲ. ಜಾಸ್ತಿ ಸಿಕ್ಕ ಹುಡುಗಿ ತನ್ನ ತಂಡದೋರಿಗೆ ಹಂಚಲಿ ಅಂತ ಬೇಕಾದರೆ ಆಸೆಪಡಬಹುದು. ನಿಯಮ ಮಾಡಬೇಕಾದ್ದು ಕಣಜಕ್ಕೆ.

ಕೂಲಿ ಕೇಳೋ ದಾರಿ ಸಂಘಟನೆ. ಡಾರ್ಟ್‌ಮತ್ ಕಾಲೇಜಿನ ಗಂಡಸರ ಬ್ಯಾಸ್ಕೆಟ್‌ಬಾಲ್ ತಂಡ 2024ರ ಮಾರ್ಚಿನಲ್ಲಿ 13-2 ಮತದಿಂದ ಯೂನಿಯನ್ ಕಟ್ಟೋಕೆ ತೀರ್ಮಾನಿಸಿತು. ಕಾಲೇಜು ಮಾತುಕತೆಗೆ ಕೂರಲಿಲ್ಲ. ಸರ್ಕಾರ ಬದಲಾಗೋ ಹೊತ್ತಿಗೆ, ಆ ವರ್ಷದ ಕೊನೆಯ ದಿನ, ಅರ್ಜಿ ವಾಪಸಾಯಿತು.

ಅದರ ಬದಲು ಬಂದದ್ದು ಕೋರ್ಟಿನ ರಾಜಿ. 2025ರ ಜೂನ್ 6ರಂದು ಜಡ್ಜ್ ಕ್ಲಾಡಿಯಾ ವಿಲ್ಕೆನ್ ಒಪ್ಪಿದ ಆ ರಾಜಿಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ, ಮೊದಲ ವರ್ಷ ಒಂದೊಂದು ಕಾಲೇಜು ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ, ಹಂಚಬಹುದಾಯಿತು. ಹಿಂದಿನ ಆಟಗಾರರಿಗೆ ಬಾಕಿ ಅಂತ ಸುಮಾರು 280 ಕೋಟಿ. ಕೇಸಿನ ವಾದಿಗಳಲ್ಲಿ ಸೆಡೋನಾ ಪ್ರಿನ್ಸ್ ಕೂಡ ಇದ್ದಳು. ಸರಿ, ಕೊನೆಗೂ ಕೂಲಿಯ ಹತ್ತಿರ ಬಂದೆವಲ್ಲ ಅಂತ ಹಂಚಿಕೆ ನೋಡಿದರೆ, ಬಾಕಿ ಹಣದಲ್ಲಿ ದೊಡ್ಡ ಕಾಲೇಜುಗಳ ನೂರು ಡಾಲರಿಗೆ ಸುಮಾರು 75 ಫುಟ್ಬಾಲಿಗೆ, 15 ಗಂಡಸರ ಬ್ಯಾಸ್ಕೆಟ್‌ಬಾಲಿಗೆ, 5 ಹೆಂಗಸರ ಬ್ಯಾಸ್ಕೆಟ್‌ಬಾಲಿಗೆ, ಉಳಿದ 5 ಮಿಕ್ಕೆಲ್ಲ ಆಟಗಳಿಗೆ. ಯಾಕೆ ಹೀಗೆ ಅಂದರೆ, ಹಿಂದೆ ಟಿವಿಯೋರು ಕೊಟ್ಟ ಬೆಲೆಯ ಲೆಕ್ಕ ಅಂತಾರೆ. ಸೊಪ್ಪಿನ ಗುಡ್ಡೆ ಜೊತೆ ಸೇರಿಸಿ ಮಾರಿದ್ದರಲ್ಲ, ಆ ಬೆಲೆ.

2025ರ ಜನವರಿಯಲ್ಲಿ ಅಮೆರಿಕದ ಶಿಕ್ಷಣ ಇಲಾಖೆ, ಕಾಲೇಜುಗಳು ಕೊಡೋ ಈ ಹಣಕ್ಕೂ ಟೈಟಲ್ ನೈನ್ ಅನ್ವಯಿಸುತ್ತೆ, ಹೆಣ್ಣು ಗಂಡಿಗೆ ಸರಿಸಮ ಹಂಚಬೇಕು ಅಂತ ಸೂಚನೆ ಕೊಟ್ಟಿತ್ತು. ಫೆಬ್ರವರಿಯಲ್ಲಿ ಹೊಸ ಸರ್ಕಾರ ಅದನ್ನು ಹಿಂದಕ್ಕೆ ತಗೊಂಡಿತು. ಇದು ಏಕಸ್ವಾಮ್ಯದ ಕೇಸು, ಸಮಾನತೆಯ ಪ್ರಶ್ನೆ ಇದರೊಳಗಿಲ್ಲ ಅನ್ನೋದು ಕೋರ್ಟಿನ ನಿಲುವು. ರಾಜಿಯಾದ ಐದೇ ದಿನಕ್ಕೆ ಎಂಟು ಜನ ಆಟಗಾರ್ತಿಯರು ಅದೇ ಪ್ರಶ್ನೆ ಹಿಡಿದು ಮೇಲಿನ ಕೋರ್ಟಿಗೆ ಹೋದರು, ಬಾಕಿ ಹಣದ ಹಂಚಿಕೆ ನಿಂತಿತು. ಆ ಹುಡುಗಿಯರಿಂದಾಗಿ ಎಲ್ಲರ ದುಡ್ಡೂ ತಡವಾಯಿತು ಅಂತ ಗೊಣಗಿದೋರು ಉಂಟು. ಕೆರೆಯ ನೀರು ಮುಟ್ಟಿದಾಗಲೂ ಊರಿನ ನೀರೆಲ್ಲ ಕೆಟ್ಟಿತು ಅಂತಲೇ ಗೊಣಗಿದ್ದರು.